ಪಾದದಿಂದ ಶುರು ಮಾಡುವವಳು

ಗುಬ್ಬಿಯ ಗಂಗಾಂಬಿಕೆ ತುಮಕೂರಿನ ನರ್ಸಿಂಗ್ ಹೋಮಿನಲ್ಲಿ ಸಹಾಯಕಿಯಾಗಿ ಸೇರಿ ಎರಡು ತಿಂಗಳಾಯಿತು. ಮೂರನೆಯದು ದಾಟಿದರೆ ಕೆಲಸ ಕಾಯಂ. ಬೆಳಗಿನ ಬಸ್ಸಿಳಿದು, ಹಣೆಯ ವಿಭೂತಿ ಬೆವರಿಗೆ ಕರಗುವ ಮೊದಲೇ ವಾರ್ಡಿನಲ್ಲಿರುತ್ತಾಳೆ. ಹೇಳದೆ ಕೇಳದೆ ಯಾರನ್ನೂ ಮುಟ್ಟುವವಳಲ್ಲ. "ಅಜ್ಜಿ, ಮಗ್ಗುಲು ಬದಲಾಯಿಸ್ಲೇನವ್ವ?" ಎಂದು ಗೊರಕೆ ಹೊಡೆಯುವವರ ಅಪ್ಪಣೆಯನ್ನೂ ಬೇಡುತ್ತಾಳೆ, ಗಾಲಿಕುರ್ಚಿ ತಾಗಿದರೆ ಗೋಡೆಗೂ ಕೈಮುಗಿಯುತ್ತಾಳೆ. ಆದರೆ ಮೈ ಒರೆಸುವಾಗ ಮುಖ ಮೊದಲು, ಕಾಲು ಕೊನೆಗೆ ಎಂಬ ನಿಯಮ ಅವಳ ತಲೆಗೆ ಹತ್ತಿದರೂ ಕೈಗೆ ಹತ್ತಿಲ್ಲ. ಹಿರಿಯರ ಪಾದ ಮುಟ್ಟದೆ ಮುಖಕ್ಕೆ ಕೈಹಾಕುವುದುಂಟೇ? ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಸೋಪಿನಲ್ಲಿ ಕೈ ತೊಳೆದು ಬಂದು, ಆಮೇಲೆಯೇ ಮುಖ. ಆರು ಹಾಸಿಗೆಗೆ ಆರು ಸಲ. ಡಾಕ್ಟರು ಬರುವ ಹೊತ್ತಿಗೆ ಅವಳಿನ್ನೂ ನಾಲ್ಕನೆಯ ಹಾಸಿಗೆಯಲ್ಲೇ ಇರುತ್ತಾಳೆ. "ಇದೇನು ಮಠಾನೇನೇ? ಹಿಂಗೇ ಆದ್ರೆ ತಿಂಗಳ ಕೊನೇಲಿ ಮನೆಗೆ ಕಳಿಸ್ತೀನಿ ಕಣೇ," ಎಂದು ಹೆಡ್ ಸಿಸ್ಟರ್ ಮಾಲಿನಿ ಗದರುತ್ತಾರೆ. "ಆಯ್ತು ಮೇಡಂ," ಎಂದವಳು ಮರುದಿನವೂ ಪಾದಕ್ಕೇ ಬಾಗುತ್ತಾಳೆ. ಅದೇ ವಾರ್ಡಿನಲ್ಲಿದ್ದ ಕುಣಿಗಲ್ಲಿನ ಚನ್ನವೀರಯ್ಯನವರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ವ್ಯಾಯಾಮ ಮಾಡಿಸುವವರು ಎಷ್ಟು ಪುಸಲಾಯಿಸಿದರೂ ಅಲುಗಿರಲಿಲ್ಲ. ನಿನ್ನೆ ಅವಳು ಪಾದ ಮುಟ್ಟಿ ತಲೆಯೆತ್ತಿದಾಗ ಆ ಕೈ ಹೊದಿಕೆಯಿಂದ ನಾಲ್ಕು ಬೆರಳೆತ್ತರ ಎದ್ದಿತ್ತು, ಹರಸುವುದಕ್ಕೆ. ಗದರಲು ಬಂದಿದ್ದ ಮಾಲಿನಿ ಬಾಗಿಲಲ್ಲೇ ನಿಂತುಬಿಟ್ಟರು. "ನಾಳೆಯಿಂದ ಅರ್ಧ ಗಂಟೆ ಮುಂಚೆ ಬಾರೇ," ಎಂದಷ್ಟೇ ಹೇಳಿದರು.