ತಕ್ಕಡಿ ಸಾಹೇಬರ ನಿದ್ದೆ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದವರನ್ನು ಪೇಟೆಯವರು ತಕ್ಕಡಿ ಸಾಹೇಬರೆಂದೇ ಕರೆಯುತ್ತಿದ್ದರು. ಅವರು ಬೀದಿಗೆ ಕಾಲಿಟ್ಟರೆ ಅಂಗಡಿಯವರ ಜೀವ ಬಾಯಿಗೆ ಬರುತ್ತಿತ್ತು. ನಿವೃತ್ತರಾದ ಮೇಲೆ ಪಾರ್ಕಿನ್ಸನ್ ಕಾಯಿಲೆ ಅಂಟಿಕೊಂಡು ಬಲಗೈ ನಡುಗತೊಡಗಿತು. ಜನರನ್ನು ಕೀಳಾಗಿ ಕಾಣುವ ಚಾಳಿ ಮಾತ್ರ ಎಳ್ಳಷ್ಟೂ ಅಲುಗಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಒಂದು ಹಾಳೆ ಕೊಟ್ಟಳು. ನಿದ್ದೆಯ ಬಗ್ಗೆ ಹದಿನೈದು ಪ್ರಶ್ನೆ, ಪ್ರತಿಯೊಂದರ ಕೆಳಗೂ ಒಂದು ಗೆರೆ.

“ಹೋದ ವಾರದ್ದು ನೆನೆಸಿಕೊಂಡು ಗೆರೆ ಮೇಲೆ ಗುರುತು ಹಾಕಿ, ಸರ್. ತೀರಾ ತೊಂದರೆ ಇದ್ರೆ ಸೊನ್ನೆ, ಏನೂ ಇಲ್ಲಾಂದ್ರೆ ಹತ್ತು.”

“ಹತ್ತು ಏನು? ಗ್ರಾಮೋ, ಮೀಟರೋ?” ಸಾಹೇಬರು ಮೂಗು ಮುರಿದರು. “ಇಂಥ ಅಳತೆ ಇಟ್ಕೊಂಡಿದ್ದ ಅಂಗಡಿಗೆ ನಾನು ಬೀಗ ಜಡಿಸ್ತಿದ್ದೆ ಕಣಮ್ಮ. ಓದಿದವರು ಮಾಡೋ ಕೆಲಸಾನಾ ಇದು?”

ಕೆಟ್ಟ ಕನಸೇ? ಹತ್ತು. ನಿದ್ದೆಯಲ್ಲಿ ಕೈಕಾಲು ಬಡಿಯುತ್ತೀರಾ? ಹತ್ತು. ಪೆದ್ದ ಪ್ರಶ್ನೆಗಳಿಗೆ ಇಷ್ಟೇ ಸಾಕೆಂದು ಎಲ್ಲಕ್ಕೂ ಹತ್ತೇ ಗೀಚಿ ಬಿಸಾಕಿದರು.

ಪಕ್ಕದಲ್ಲಿದ್ದ ಹೆಂಡತಿ ಇಣುಕಿದರು. “ಇದೇನ್ರೀ, ಪೂರ್ತಿ ಸುಳ್ಳು!”

“ನಿನ್ನನ್ನ ಯಾರು ಕೇಳಿದ್ರು?”

“ನಾನು ಕೇಳ್ತೀನಿ,” ಎಂದಳು ನರ್ಸ್. “ಮನೆಯವರ ಮಾತೂ ಬರ್ಕೋಬೇಕು.”

ಹೆಂಡತಿ ಸೆರಗು ಸರಿಸಿ ತೋಳು ತೋರಿಸಿದರು. ಮೊಣಕೈ ಮೇಲೆ ಅಂಗೈಯಗಲ ಕಪ್ಪುಗಟ್ಟಿತ್ತು. “ಕನಸಲ್ಲಿ ಯಾವನೋ ವ್ಯಾಪಾರಿ ಜೊತೆ ಹೊಡೆದಾಟ. ಏಟು ಬಿದ್ದಿದ್ದು ನನಗೆ. ಅದಕ್ಕೇ ಹಾಲ್‌ನಲ್ಲಿ ಮಲಗ್ತಿದ್ದೀನಿ.”

ಸೆಕೆಗೆ ಹೋಗಿದ್ದಾಳೆಂದು ಸಾಹೇಬರು ತಿಳಿದಿದ್ದರು. ‘ನನಗೆ ಗೊತ್ತೇ ಇರಲಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸಿಕ್ಕಿಬಿದ್ದ ಪ್ರತಿ ಕಳ್ಳನೂ ಹೇಳುತ್ತಿದ್ದದ್ದು ಅದನ್ನೇ; ಅವರು ಒಬ್ಬನನ್ನೂ ನಂಬಿರಲಿಲ್ಲ. ಈಗ ತಮ್ಮ ಬಾಯಿಯ ಮೇಲೆ ತಮಗೇ ಹೇಸಿಗೆಯಾಯಿತು.

ಡಾಕ್ಟರು ಸಾಹೇಬರ ಹಾಳೆಯನ್ನು ಬದಿಗೆ ಸರಿಸಿ, ಹೆಂಡತಿ ಹೇಳಿದ್ದನ್ನು ಓದಿ, ರಾತ್ರಿಯ ಮಾತ್ರೆ ಬದಲಿಸಿದರು. ತಿಂಗಳೊಳಗೆ ಕನಸಿನ ಹೊಡೆದಾಟ ಮುಕ್ಕಾಲು ಪಾಲು ತಗ್ಗಿತು.

“ಇನ್ನು ಒಳಗೆ ಬಂದು ಮಲಗಬಹುದಲ್ಲ,” ಎಂದರು ಸಾಹೇಬರು ಒಂದು ರಾತ್ರಿ, ಗೋಡೆ ನೋಡುತ್ತ.

“ಬೇಡ ಬಿಡಿ. ನನಗೆ ಅಲ್ಲೇ ಒಳ್ಳೆ ನಿದ್ದೆ ಬರ್ತಿದೆ.”

“ಆ ಮುರುಕಲು ಸೋಫಾದ ಮೇಲಾ!” ಎಂದು ಅವರು ತುಟಿ ಕೊಂಕಿಸಿದರು. ಹೆಂಡತಿ ದಿಂಬು ಕಂಕುಳಿಗೆ ಇರುಕಿಕೊಂಡು ಹೊರಟೇಬಿಟ್ಟರು.