ಇದ್ದಂಗಿರಾದು

2020ರಲ್ಲಿ ನಾನು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಕಂಬೈನಲ್ಲೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಹತ್ತನೇ ಕ್ಲಾಸು ನನ್ನ ಪಾಲು. ನಿವೃತ್ತಿ ಹತ್ತಿರವಿತ್ತು, ಇನ್ನು ಹೊಸದೇನನ್ನೂ ಕಲಿಯದೆ ಗೌರವವಾಗಿ ಮನೆ ಸೇರುವುದೆಂದು ತೀರ್ಮಾನಿಸಿಯೂ ಆಗಿತ್ತು. ಅಷ್ಟರಲ್ಲಿ ಕೊರೋನಾ ಬಂದು ಶಾಲೆಗೆ ಬೀಗ ಬಿತ್ತು. ಪಾಠ ಟಿವಿಯಲ್ಲಿ, ಹೋಂವರ್ಕು ವಾಟ್ಸಾಪಿನಲ್ಲಿ ಎಂದಾಯಿತು. ನಾನು ಗ್ರೂಪ್ ಅಡ್ಮಿನ್ ಎಂಬ ಪದವಿಗೇರಿದೆ. ಮೊದಲ ವಾರ ಗುಲಾಬಿ ಹೂವಿನ ಸಮೇತ ಶುಭೋದಯಗಳು ಧಾರಾಳವಾಗಿ ಬಂದವು. ಪ್ರಶ್ನೆಗಳಿಗೆ ಉತ್ತರ ಮಾತ್ರ ಬರಲಿಲ್ಲ.

ಗುಲಾಬಿಯನ್ನೂ ಕಳಿಸದವಳು ಪವಿತ್ರಾ. ಊರಾಚೆ ಕುರಿ ಸಾಕುವವರ ಹಟ್ಟಿಯ ಹುಡುಗಿ. ಅವರ ಮನೆಮಾತು ಕನ್ನಡ, ಶಾಲೆಯದು ತಮಿಳು. ಆರನೇ ಕ್ಲಾಸಿನಿಂದ ಅವಳ ಬಾಯಲ್ಲಿ ನಾನು ಕೇಳಿದ್ದು ಒಂದೇ ವಾಕ್ಯ: ಹಾಜರಿ ಕೂಗಿದಾಗ ಇಲ್ಲಿಯ ಮಕ್ಕಳೆಲ್ಲ ಒಪ್ಪಿಸುವ 'ಉಳ್ಳೇನ್ ಅಯ್ಯಾ', ಅಂದರೆ 'ಇದ್ದೇನೆ ಸ್ವಾಮಿ'. ಈಗ ಅದೂ ನಿಂತಿತ್ತು.

ನನ್ನ ಮನೆಮಾತೂ ಕನ್ನಡವೇ. ಕೊಳ್ಳೇಗಾಲದ ಕಡೆಯಿಂದ ಬಂದ ಅಮ್ಮ ನೆಲದ ಮೇಲೆ ಇದ್ದಿಲಲ್ಲಿ ಬರೆದು ಅಕ್ಷರ ಕಲಿಸಿದ್ದಳು. ಆದರೆ ಆ ಕನ್ನಡ ನನಗೆ ಬಚ್ಚಲಮನೆಯ ಚಪ್ಪಲಿಯ ಹಾಗೆ. ಕಾಲಿಗೆ ಹಿತ, ಹಾಕಿಕೊಂಡು ಶಾಲೆಗೆ ಹೋಗುವಂಥದ್ದಲ್ಲ. ನಮ್ಮ ಕಡೆ ಇದು ಯಾರಿಗೂ ವಿಶೇಷವೆನಿಸುವ ಸಂಗತಿಯೂ ಅಲ್ಲ.

ಗಾಡಿ ಹತ್ತಿ ಹಟ್ಟಿಗೆ ಹೋದೆ. ಪವಿತ್ರಾಳ ಅಪ್ಪ ಮಾದೇಶ ಹೊರಡುವ ಸನ್ನಾಹದಲ್ಲಿದ್ದ. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ರಾತ್ರಿ ಕುರಿ ಮಂದೆ ಕೂಡಿಸಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ; ಅದಕ್ಕೆ ಸೇಲಂ ಜಿಲ್ಲೆಯ ಕಡಯಂಪಟ್ಟಿಯಿಂದ ಕರೆ ಬಂದಿತ್ತು. ಮನೆಯಲ್ಲಿದ್ದದ್ದು ಒಂದೇ ಫೋನು. ಅದು ಮಂದೆಯ ಜೊತೆ ಹೋಗುತ್ತದೆ. ತಾಯಿ ಹಟ್ಟಿಯ ಮರಿಗಳನ್ನು ನೋಡಿಕೊಳ್ಳಬೇಕಾದ್ದರಿಂದ, ಅಲ್ಲಿ ಗಂಡಸರಿಗೆ ಬೇಯಿಸಿ ಹಾಕಲು ಪವಿತ್ರಾ ಹೋಗುವುದು ಎಂದಾಗಿತ್ತು. ಹಾಗೆ ಒಮ್ಮೆ ಮಂದೆಯ ಹಿಂದೆ ಹೋದ ಹುಡುಗಿ ಮತ್ತೆ ಬೆಂಚಿಗೆ ಬಂದದ್ದನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿರಲಿಲ್ಲ.

ನಾನು ಶುದ್ಧ ತಮಿಳಿನಲ್ಲಿ ವಿದ್ಯೆಯ ಮಹಿಮೆ ವಿವರಿಸಿದೆ. ಮಾದೇಶ ಕೈಕಟ್ಟಿ ತಮಿಳಿನಲ್ಲೇ ಹೂಂಗುಟ್ಟಿದ. ಜಗಲಿಯ ಮೇಲಿದ್ದ ಅವನ ತಾಯಿ ಮಾತ್ರ, ಈ ಮನುಷ್ಯನಿಗೆ ತಿಳಿಯಲಾರದೆಂಬ ಧೈರ್ಯದಲ್ಲಿ, ಮಗನಿಗೆ ಕನ್ನಡದಲ್ಲಿ ಹೇಳಿದಳು:

"ಓದ್ ವರ್ಸ ಪರೀಕ್ಸೇನೇ ಇಲ್ದೆ ಆಲು ಪಾಸು ಅಂದ್ರಂತೆ. ಆಲೇ ಪಾಸಾದ್ ಮ್ಯಾಲೆ ಮೊಸ್ರು ಬೆಣ್ಣೆಗೆ ಯಾಕ್ಲಾ ಕಾಯಾದು? ಈ ವಾತ್ಯಾರ್ ಮೊಕ ನೋಡು, ಕಸಾಯ ಕುಡ್ದಂಗೈತೆ."

ಇಲ್ಲಿಯವರ ನಾಲಿಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, 'ಆಲ್ ಪಾಸ್' ಹಾಲಾಗುತ್ತದೆ. ನಾನು ಕಷಾಯದ ಮುಖವನ್ನು ಹಾಗೇ ಕಾಪಾಡಿಕೊಂಡು, ಫೋಟೋ ವಿಡಿಯೋ ಬೇಡ, ಪಾಠವನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸುತ್ತೇನೆ, ಹೊಲದಲ್ಲೇ ಕೇಳಲಿ ಎಂದೆ. ಮಾದೇಶ ಒಪ್ಪಿದ. ಮೇಷ್ಟ್ರನ್ನು ಸಾಗಹಾಕಲು ಒಪ್ಪುವುದಕ್ಕಿಂತ ಹತ್ತಿರದ ದಾರಿಯಿಲ್ಲ.

ಕಳಿಸಿದೆ. ಭೌತಶಾಸ್ತ್ರದ ಮೊದಲ ಪಾಠ, ನಿಲೈಮಂ. ಕನ್ನಡ ಪುಸ್ತಕಗಳಲ್ಲಿ ಜಡತ್ವ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ಆಮೇಲೆ. ಗ್ರೂಪಿನಿಂದ ಎಂದಿನಂತೆ ಗುಲಾಬಿ ಬಂತು. ಕಡಯಂಪಟ್ಟಿಯಿಂದ ಅದೂ ಇಲ್ಲ.

ಒಂದು ಬೆಳಿಗ್ಗೆ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತ ನಿಂತಿದ್ದೆ. ಗ್ರೂಪಿಗೆ ಪವಿತ್ರಾಳ ಹೆಸರಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಒತ್ತಿದೆ. ಗಾಳಿ, ಕುರಿಗಳ ಕೊರಳಗಂಟೆ, ಆಮೇಲೆ ನಾನೆಂದೂ ಕೇಳಿರದ ಒಂದು ಗಟ್ಟಿ ದನಿ.

"ಕೇಳ್ರಲಾ. ನಿಲೈಮಂ ಅಂದ್ರೆ ಬ್ಯಾರೆ ಏನೂ ಇಲ್ಲ, ಇದ್ದಂಗಿರಾದು. ಮಲ್ಗಿರೋ ಕುರಿ ಮಲ್ಗೇ ಇರ್ತೈತೆ, ಯಾರಾನ ಎಬ್ಬಿಸಗಂಟ. ಓಗ್ತಿರೋದು ಓಗ್ತಾನೇ ಇರ್ತೈತೆ, ಯಾರಾನ ಅಡ್ಡ ನಿಲ್ಲಗಂಟ. ಲಾರಿ ಬ್ರೇಕ್ ಆಕ್ದಾಗ ಕುರಿ ಎಲ್ಲಾ ಮುಂದುಕ್ ಬೀಳಲ್ವಾ? ಲಾರಿ ನಿಂತ್ರೂ ಕುರೀಗೆ ಇನ್ನೂ ಓಗೋ ಬುದ್ಧಿ."

ಹಿಂದಿನಿಂದ ಗಂಡಸಿನ ದನಿ: "ಕುರೀಗೆ ಮಾತ್ರ ಅಲ್ಲಮ್ಮಾ, ನನ್ ತಲೇನೂ ಓಗಿ ಕಂಬಿಗೆ ಒಡೀತು."

"ಅಪ್ಪಾ, ರೆಕಾರ್ಡ್ ಆಯ್ತೈತೆ, ಸುಮ್ಕಿರು."

ಅದು ಹಟ್ಟಿಯಲ್ಲಿದ್ದ ಅವಳ ಚಿಕ್ಕಪ್ಪನ ಮಕ್ಕಳಿಗೆಂದು ಮಾಡಿದ್ದು, ಬೆರಳು ತಪ್ಪಿ ನಮ್ಮಲ್ಲಿಗೆ ಬಂದಿತ್ತೆಂದು ಆಮೇಲೆ ತಿಳಿಯಿತು. ಮುಚ್ಚಿದೆ ಎಂದು ನಾನು ತಿಳಿದಿದ್ದ ಶಾಲೆ ಕಡಯಂಪಟ್ಟಿಯ ಕಡಲೆಕಾಯಿ ಹೊಲದಿಂದ ನಡೆಯುತ್ತಿತ್ತು. ಕುರಿಗೆ 'ಓಗೋ ಬುದ್ಧಿ' ಎಂದದ್ದಕ್ಕೆ ಅರ್ಧ ಮಾರ್ಕು ಕತ್ತರಿಸಬಹುದಿತ್ತು. ನನಗೆ ಕೈಯೇ ಬರಲಿಲ್ಲ. ಉಣ್ಣುವುದಕ್ಕೆ, ಬೈಯುವುದಕ್ಕೆ, ಅಮ್ಮನನ್ನು ನೆನೆಯುವುದಕ್ಕೆ ಸಾಕೆಂದು ನಾನು ಬಚ್ಚಲ ಬಾಗಿಲಲ್ಲಿ ಬಿಟ್ಟಿದ್ದ ಮಾತು ಭೌತಶಾಸ್ತ್ರವನ್ನು ಹೊತ್ತು ಆರಾಮವಾಗಿ ನಡೆದುಬರುತ್ತಿತ್ತು. ಮತ್ತೆ ಮತ್ತೆ ಕೇಳಿದೆ. ಡಿಕಾಕ್ಷನ್ ಆರಿ ತಣ್ಣಗಾಯಿತು.

ಗ್ರೂಪು ಬೇರೆ ರೀತಿಯಲ್ಲಿ ಕೇಳಿಸಿಕೊಂಡಿತು. ಮೊದಲು ಕುರಿಯ ಸ್ಟಿಕ್ಕರು, ಆಮೇಲೆ 'ಕುರಿ ಟೀಚರ್' ಎಂಬ ಬಿರುದು, ಕೊನೆಗೆ ಮುಂದಿನ ಬೆಂಚಿನ ಅರುಣ್ ಎಂಬವನು ಸ್ವತಃ 'ಮೇ' ಎಂದು ಅರಚಿ ಕಳಿಸಿದ ವಾಯ್ಸ್ ಮೆಸೇಜು. ಅದರ ಕೆಳಗೆ, ಪವಿತ್ರಾ ಗ್ರೂಪನ್ನು ಬಿಟ್ಟಳು ಎಂದು ಬೂದು ಬಣ್ಣದ ಒಂದು ಸಾಲು ಮೂಡಿತು. ಫೋನ್ ಮಾಡಿದೆ, ಸ್ವಿಚ್ ಆಫ್. ಮಂದೆಯ ಹಿಂದೆ ಹೋದವಳು ಹಿಂದಿರುಗದಿರಲು ಇನ್ನೇನು ಬೇಕು?

ಅರುಣನಿಗೆ ಶಿಕ್ಷೆ ವಿಧಿಸುವ ಮೊದಲು ಸಾಕ್ಷ್ಯ ಪರಿಶೀಲಿಸೋಣವೆಂದು ಅವನ 'ಮೇ'ಯನ್ನು ಇನ್ನೊಮ್ಮೆ ಕೇಳಿದೆ. ಆ ಅರಚಾಟದ ಹಿಂದೆ, ಅಡಿಗೆಮನೆಯಿಂದ, ಮುದುಕಿಯೊಬ್ಬಳ ದನಿ: "ಲೇ, ಆ ಫೋನ್ ಮಡಗಿ ಉಣ್ಣಾಕ್ ಬಾರ್ಲಾ."

ಅವನ ಮನೆಯಲ್ಲೂ ಕನ್ನಡ.

ಮೈಕಿನ ಗುರುತನ್ನು ಒತ್ತಿ ಹಿಡಿದೆ. ಬಲ, ಚಲನೆ, ಯಾವುದಕ್ಕೂ ನನ್ನಲ್ಲಿ ಕನ್ನಡ ಪದವಿರಲಿಲ್ಲ, ಅವಳದ್ದನ್ನೇ ಎತ್ತಿಕೊಂಡೆ. "ಎಲ್ರೂ ಕೇಳ್ರಿ. ಪವಿತ್ರಾ ಏಳಿದ್ದು ಸರಿಯಾಗೈತೆ. ಇದ್ದಂಗಿರಾದು, ಅದೇ ನಿಲೈಮಂ. ಇನ್ಮೇಲೆ ಅವಳು ಏಳಿದ್ ಮ್ಯಾಲೆ ನಾನು ಏಳ್ತೀನಿ. ಅರುಣಾ, ಉಂಡ್ಯಾ?" ಅದನ್ನೇ ತಮಿಳಿನಲ್ಲೂ ಹೇಳಿ ಕಳಿಸಿದೆ.

ಮೊದಲು ಬಂದದ್ದು ಅರುಣನದು, ಇಲಿಯ ದನಿಯಲ್ಲಿ: "ಉಂಡೆ ಸಾರ್." ಅವನ ಹಿಂದೆ ಒಬ್ಬೊಬ್ಬರಾಗಿ, ಸಾರ್ ನಮ್ಮನೇಲೂ ಇದೇ ಮಾತು ಎಂದರು. ಒಬ್ಬ ತಮಿಳಿನಲ್ಲಿ ವಿನಯವಾಗಿ, ತೆಲುಗಿನಲ್ಲಿ ಹೇಳಿದರೆ ಮಾರ್ಕು ಸಿಗುತ್ತದೆಯೇ ಎಂದು ವಿಚಾರಿಸಿದ. ಇಷ್ಟು ವರ್ಷ ಒಂದೇ ರಾಗದಲ್ಲಿ 'ಉಳ್ಳೇನ್ ಅಯ್ಯಾ' ಎಂದ ಮಕ್ಕಳು ಇಷ್ಟೊಂದು ಮನೆಗಳಿಂದ ಬರುತ್ತಿದ್ದರೆಂದು ನನಗೆ ಗೊತ್ತಾದದ್ದು ಅಂದು.

ಕೇಳಬೇಕಾದವಳು ಮಾತ್ರ ಗ್ರೂಪಿನಲ್ಲಿರಲಿಲ್ಲ. ಅದೇ ಮೆಸೇಜನ್ನು ಮಾದೇಶನ ನಂಬರಿಗೆ ಕಳಿಸಿ ಕಾದೆ. ಕೆಲವು ದಿನಗಳ ಮೇಲೆ ಅವನೇ ಫೋನ್ ಮಾಡಿದ.

"ಸಾರ್, ನೀವು ನಮ್ಮೋರಾ?"

"ಮನೆಮಾತು ಅದೇ ಕಣಯ್ಯಾ."

"ನಿಮ್ ಸೆಂತಮಿಳ್ ಕೇಳಿ ಕೇಳಿ ಪೇರೆಂಟ್ಸ್ ಮೀಟಿಂಗ್‌ನಾಗೆ ಬೆವ್ತೋಗ್ತಿದ್ದೆನಲ್ಲ ಸಾರ್." ಆಮೇಲೆ ದನಿ ತಗ್ಗಿಸಿ, "ಅವತ್ತು ನಮ್ಮವ್ವ, ಆ ಕಸಾಯ..."

"ಕೇಳಿಸ್ತು."

ಆ ಕಡೆ ನಗು. ಪವಿತ್ರಾ ಫೋನು ಮುಟ್ಟುವುದನ್ನೇ ಬಿಟ್ಟಿದ್ದಳಂತೆ. ನನ್ನ ಮೆಸೇಜನ್ನು ಅವನು ಜೋರಾಗಿ ಹಾಕಿದಾಗ ಒಲೆಯ ಹತ್ತಿರದಿಂದ ಎದ್ದುಬಂದು, ಇನ್ನೊಂದ್ಸಲ ಆಕಪ್ಪಾ ಎಂದಳಂತೆ. "ಇಸ್ಕೂಲ್ ತೆಗ್ದಾಗ ಏಳಿ ಸಾರ್, ಬಸ್ ಅತ್ತಿಸ್ತೀನಿ."

"ಅಡಿಗೆ?"

"ನಾನೇ ಬೇಯಿಸ್ಕಂತೀನಿ. ಉಪ್ಪು ಎಚ್ಚಾದ್ರೆ ಉಣ್ಣೋರ್ ಅಣೆಬರ."

ಮರುವರ್ಷ ಜನವರಿಯಲ್ಲಿ ಹತ್ತನೇ ಕ್ಲಾಸಿಗೆ ಬಾಗಿಲು ತೆರೆಯಿತು. ಎಲ್ಲರ ಮುಖಕ್ಕೂ ಮಾಸ್ಕು. ಹಾಜರಿ ಕೂಗಿದೆ. ಕೊನೆಯ ಬೆಂಚಿನಿಂದ 'ಉಳ್ಳೇನ್ ಅಯ್ಯಾ' ಬಂತು. ಆ ಎರಡು ಪದ ಎಷ್ಟು ದೊಡ್ಡವೆಂದು ನನಗೆ ಆವರೆಗೆ ಹೊಳೆದಿರಲಿಲ್ಲ.

ನಿಲೈಮಂ ಎಂದರೇನು ಎಂದು ತಮಿಳಿನಲ್ಲಿ ಕೇಳಿ, ಆಮೇಲೆ ನನಗರಿವಿಲ್ಲದೆ, "ಏಳು ಪವಿತ್ರಾ" ಎಂದುಬಿಟ್ಟೆ. ನಮ್ಮ ಬಾಯಲ್ಲಿ ಹೇಳು ಎಂಬುದೂ ಏಳು, ಎದ್ದು ನಿಲ್ಲು ಎಂಬುದೂ ಏಳು. ತಮಿಳು ಕಿವಿಗೆ ಅದು ಬರೀ ಸಂಖ್ಯೆ. ಎದುರಿನ ಬೆಂಚಿನ ಒಬ್ಬ ವಿಧೇಯನಾಗಿ ಏಳನೇ ಪುಟ ತೆರೆದ. ಮೇಷ್ಟ್ರಾದವನು ಮಕ್ಕಳಿಗೆ ಹೇಳಬೇಕಾದ್ದೆಲ್ಲ ಆ ಒಂದು ಪದದಲ್ಲಿದೆ, ಆದರೆ ಅದನ್ನು ಅವರ ಮನೆಯ ದನಿಯಲ್ಲಿ ಹೇಳಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ಕೊನೆಗಾಲದಲ್ಲಿ.

ಪವಿತ್ರಾ ಎದ್ದಳು. ಹೇಳಿದಳು.