ಏಜಾಜನ ಪಟ್ಟಿಯ ಮೊದಲನೆಯವ

ಬೈಲಹೊಂಗಲದಲ್ಲಿ ಏನೇ ಕಳೆಯಲಿ, ಏನೇ ಸೋವಿಯಾಗಲಿ, ಊರಿಗೆ ತಿಳಿಸುವವನು ಏಜಾಜ. ಆಟೋದ ನೆತ್ತಿಗೆ ಎರಡು ಭೋಂಗಾ ಸ್ಪೀಕರು ಕಟ್ಟಿಕೊಂಡು ಓಣಿ ಓಣಿ ಸುತ್ತುವುದು ಅವನ ಕಸುಬು. ಅವನು ಸಾರುವ ಮಾತನ್ನು ಬರೆದುಕೊಡುವವನು ನಾನು, ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ನಾನು ಬರೆದದ್ದು ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ. ಅದರ ಹಿಂದೆ ಏಜಾಜ ಹಿಪ್-ಹಾಪ್ ಬೀಟು ಹಾಕುತ್ತಾನೆ.

ಹಾಡುವವರು ಅವನಿಗೆ ಲೆಕ್ಕಕ್ಕಿಲ್ಲ. ಹಾಡಿನ ಕೆಳಗೆ ಬೀಟು ಕಟ್ಟುವ ಪ್ರೊಡ್ಯೂಸರುಗಳೇ ಅವನ ಉಸ್ತಾದರು. ಅವರ ಪಟ್ಟಿಯನ್ನು ಆಟೋದ ಗಾಜಿಗೆ ಅಂಟಿಸಿಕೊಂಡಿದ್ದಾನೆ. ಮನೆ ಕರ ತುಂಬಿರೆಂದು ಸಾರುವಾಗ ಅಟ್ಲಾಂಟಾದ ಓಲ್ಡ್ ಪೆನ್ನಿ; ಆ ಗುಡುಗಿಗೆ ಬಾಕಿ ಉಳಿಸಿಕೊಂಡವನ ಎದೆ ನಡುಗಬೇಕಂತೆ. ಸೀರೆ ಮಾರಾಟಕ್ಕೆ ಹುಬ್ಬಳ್ಳಿಯ ಗಂಟಿ ಮಾಸ್ತರ. ಶಾಲೆಯ ಗಂಟೆ, ಎತ್ತಿನ ಗಂಟೆ, ಸೈಕಲ್ಲಿನ ಗಂಟೆ ಎಲ್ಲ ಕೂಡಿಸಿ ಕುಣಿಸುವವನು. ಮೊದಲ ಸ್ಥಾನ ಮಾತ್ರ ಪುಣೆಯ ಲಂಗಡಾ ಕಬೂತರನಿಗೆ. ಕುಂಟ ಪಾರಿವಾಳ ಎಂದು ಅವನೇ ಇಟ್ಟುಕೊಂಡ ಹೆಸರು. ಅವನ ಪ್ರತಿ ಬೀಟೂ ಪಾರಿವಾಳದ ‘ಗುಟುರ್, ಗುಟುರ್’ ದನಿಯಿಂದ ಶುರುವಾಗುತ್ತದೆ; ಆಮೇಲೆ ಡ್ರಮ್ಮಿನ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಆ ತಡವೇ ಅದರ ಜೀವ ಎಂದು ಏಜಾಜ ಮೂರು ತಾಸು ವಿವರಿಸಬಲ್ಲ. ನನಗೆ ವಿವರಿಸಿದ್ದಾನೆ. ಅದನ್ನು ಮಾತ್ರ ಯಾವ ಮಾರಾಟಕ್ಕೂ ಬಳಸದೆ ಕಾದಿಟ್ಟಿದ್ದ.

ಈ ಪಟ್ಟಿಯ ಮೇಲೆ ತಕರಾರು ತೆಗೆಯುವವಳು ಊರಲ್ಲಿ ಫರೀನ್ ಒಬ್ಬಳೇ. ಬಳೆ ವ್ಯಾಪಾರದ ಮಹಮ್ಮದಗೌಸರ ಮಗಳು, ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ನಡೆಸುತ್ತಾಳೆ. ನನ್ನ ಬರಹ ಟೈಪು ಮಾಡಿಸಲು ಏಜಾಜನೊಡನೆ ಹೋದಾಗಲೆಲ್ಲ ಅವರಿಬ್ಬರದೂ ಹಾವು ಮುಂಗುಸಿ ಜಗಳ. ಗಂಟಿ ಮಾಸ್ತರನೇ ಮೊದಲನೆಯವ, ಕಬೂತರನಿಗೆ ತಾಳದ ಗಂಧವೇ ಇಲ್ಲ ಎನ್ನುವುದು ಅವಳ ವಾದ. ಒಂದು ಹಾಳೆ ಟೈಪು ಮಾಡಲು ಒಂದು ತಾಸು ಹಿಡಿಯುತ್ತಿತ್ತು. ಕಳೆದ ರಮಜಾನ್ ಹಬ್ಬದ ಮಾರನೆಯ ದಿನ ಏಜಾಜ ಧೈರ್ಯ ಮಾಡಿ, ಮಾತುಕತೆಗೆ ತನ್ನ ತಾಯಿ ಖತಿಜಾಬಿಯನ್ನು ಅವರ ಮನೆಗೆ ಕಳಿಸಲೇ ಎಂದು ಕೇಳಿದ.

“ನಿಮ್ಮ ಕಬೂತರನ ಬೀಟ ನನ್ನ ಮನಸಿಗೆ ಬಂದ ದಿನ ಕಳಿಸ್ರಿ,” ಎಂದಳು ಫರೀನ್.

ಎಂಟು ದಿನ ಅವನಿಗೆ ಊಟ ಸೇರಲಿಲ್ಲ. ಪಟ್ಟಿ ಬದಲಿಸಿ ಅವಳ ಮುಂದೆ ಹಿಡಿ, ಕೆಲಸ ಮುಗಿಯುತ್ತದೆ ಎಂದು ನಾನೇ ಬುದ್ಧಿ ಹೇಳಿದೆ. ಹೆಂಡತಿ ಸಿಗುತ್ತಾಳೆಂದು ಉಸ್ತಾದನನ್ನು ಕೆಳಗಿಳಿಸಲಾಗದು ಎಂದ. ಇಂಥ ಶತಮೂರ್ಖನ ಮೇಲೆ ನನಗೆ ಸಿಟ್ಟೂ ಬಂತು, ಪ್ರೀತಿಯೂ ಬಂತು.

ಹೀಗಿರುವಾಗ ಒಂದು ಸಂತೆಯ ದಿನ ಮಹಮ್ಮದಗೌಸರ ಆಡು ಕಳೆಯಿತು. ಫರೀನ್ ಮರಿಯಿಂದ ಸಾಕಿದ್ದು. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿದ್ದವು. ಕರಿ ಬಣ್ಣ, ಬಲಗಿವಿಯಲ್ಲಿ ಬಿಳಿ ಮಚ್ಚೆ, ಸ್ವಭಾವದಲ್ಲಿ ಸಾಧು ಎಂದು ನಾನು ಚೆಂದಾಗಿ ಬರೆದುಕೊಟ್ಟೆ. ತಂದೆ ಮಗಳು ಹಿಂದೆ ಕೂತರು, ನಾನು ಏಜಾಜನ ಮಗ್ಗುಲಿಗೆ. ಅವಳಿಗೆ ಸಮಾಧಾನವಾಗಲೆಂದು ಏಜಾಜ ಗಂಟಿ ಮಾಸ್ತರನ ಬೀಟನ್ನೇ ಹಾಕಿದ. ಮಧ್ಯಾಹ್ನದವರೆಗೆ ಸುತ್ತಿದರೂ ಆಡಿನ ಸುಳಿವಿಲ್ಲ. ನಾಲ್ಕು ಜನ ಹೆಂಗಸರು ಮಾತ್ರ ಹೊರಗೆ ಬಂದು, ಸೀರೆ ಎಲ್ಲಿ ಮಾರುತ್ತಿದ್ದಾರೆ ಎಂದು ಕೇಳಿದರು.

ಏಜಾಜ ಆಟೋ ನಿಲ್ಲಿಸಿ ಮೊಬೈಲು ತೆಗೆದ. ಕಾದಿಟ್ಟ ಬೀಟನ್ನು ಈ ಆಡಿಗಾಗಿ ಹಾಕುತ್ತೇನೆ, ಕಬೂತರನನ್ನೇ ಕರೆಯುತ್ತೇನೆ ಎಂದ.

“ಅದೊಂದು ಬ್ಯಾಡ್ರಿ,” ಎಂದಳು ಫರೀನ್, ಬಹಳ ಗಡಿಬಿಡಿಯಿಂದ.

ಏಜಾಜನ ಮುಖ ಬಾಡಿತು. ಆಡಿಗಿಂತ ಹಟವೇ ಹೆಚ್ಚಾಯಿತೇ ಎಂದು ನನಗೂ ಹುಡುಗಿಯ ಮೇಲೆ ಕೋಪ ಬಂತು. ಮಹಮ್ಮದಗೌಸರು, ಯಾವುದಾದರೂ ಹಾಕು, ಆಡು ಸಿಕ್ಕರೆ ಸಾಕು ಎಂದರು. ಭೋಂಗಾದಿಂದ ‘ಗುಟುರ್, ಗುಟುರ್’ ಹೊರಟಿತು. ಕುಂಟು ಪೆಟ್ಟು ಬಿತ್ತು. ನನ್ನ ಸಾಲು ಇನ್ನೂ ಬಲಗಿವಿಯವರೆಗೆ ಬಂದಿರಲಿಲ್ಲ, ಕಾಯಿಪಲ್ಯೆ ಸಂತೆಯ ಸಂದಿಯಿಂದ ಕರಿ ಆಡು ಓಡಿ ಬಂತು, ಬಾಯಲ್ಲಿ ಮೆಂತೆ ಸೊಪ್ಪಿನ ಕಟ್ಟು. ಜಿಗಿದು ಆಟೋ ಹತ್ತಿ ಫರೀನಳ ಕಾಲ ಬಳಿ ನಿಂತು, ಊಟ ಎಲ್ಲಿ ಎಂಬಂತೆ ಅವಳ ಮುಖ ನೋಡಿತು.

“ಈ ಗುಟುರ್ ನಿನ್ನ ಕಡೆನೂ ಐತೇನಪಾ?” ಎಂದರು ಮಹಮ್ಮದಗೌಸರು, ಪಾಪ, ಏನೂ ಅರಿಯದೆ. “ಸಂಜಿಮುಂದ ಆಡಿಗೆ ತಪ್ಪಲಾ ಹಾಕುವಾಗ ಇಕಿ ದಿನಾ ಇದನ್ನ ಹಚ್ಚತಾಳ. ಆರ ತಿಂಗಳಾತು.”

ಅಷ್ಟರಲ್ಲಿ ಮೆಂತೆಯ ಒಡತಿ ಬೈಯುತ್ತ ಬಂದಳು. ಅವಳನ್ನು ಸಮಾಧಾನ ಮಾಡಲು ಮಹಮ್ಮದಗೌಸರು ಇಳಿದು ಹೋದರು. ಫರೀನ್ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಏಜಾಜ ಹಿಂದೆ ತಿರುಗಲಿಲ್ಲ, ಕನ್ನಡಿಯಲ್ಲಿ ನೋಡಿದ. ಮೂವತ್ತು ವರ್ಷ ಪರೀಕ್ಷೆಯಲ್ಲಿ ಹುಡುಗರ ನಕಲು ಚೀಟಿ ಹಿಡಿದ ನನ್ನ ಕಣ್ಣಿಗೆ ಈ ಕಳ್ಳಿ ಸಿಕ್ಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ದುಪಟ್ಟಾದ ಒಳಗಿಂದ ದನಿ ಬಂತು. “ನಿಮ್ಮ ಅಮ್ಮೀನ್ನ ಕಳಿಸ್ರಿ. ಆದರ ಪಟ್ಟಿಯೊಳಗ ಗಂಟಿ ಮಾಸ್ತರ ಮೊದಲನೇದಾಂವ ಆಗಬೇಕು.”

ಬೇರೆ ಯಾವ ಗಂಡಸಾದರೂ ಕೂಡಲೇ ಹ್ಞೂಂ ಎನ್ನುತ್ತಿದ್ದ. ಏಜಾಜ ವಿಚಾರ ಮಾಡಿದ. ಅವನ ವಿಚಾರ ಮುಗಿಯುವಷ್ಟರಲ್ಲಿ ಆಡು ಮೆಂತೆ ಮುಗಿಸಿ ನನ್ನ ಬರಹದ ಹಾಳೆಗೆ ಬಾಯಿ ಹಾಕಿತ್ತು.

“ಆಡ ಒಪ್ಪಿದರ ನಂದೇನ ಅಡ್ಡಿ ಇಲ್ರಿ,” ಎಂದ.